ಪಿಯಾನೋ ಮತ್ತು ಗಮಕ

ಶಿಗ್ಗಾಂವಿ ಸೀಮೆಯ ಹಿರೇಬೆಂಡಿಗೇರಿಯಂಥ ಊರಿನಲ್ಲಿ ಪಿಯಾನೋ ಕಂಡವರು ವಿರಳವಿರಬಹುದು. ಆದರೆ ಅದರ ದಾಯಾದಿಯಾದ ಹಾರ್ಮೋನಿಯಂ ಆ ಕಡೆಯ ಭಜನೆಗೂ ದೊಡ್ಡಾಟಕ್ಕೂ ಹೊಸದಲ್ಲ. ಎರಡು ವಾದ್ಯಗಳಲ್ಲಿಯೂ ಸ್ವರಸ್ಥಾನಗಳು ಮೊದಲೇ ಕಟ್ಟಿಟ್ಟವು. ಒಂದು ಮನೆಯಿಂದ ಇನ್ನೊಂದಕ್ಕೆ ಹಾರಬಹುದೇ ಹೊರತು ಜಾರುವಂತಿಲ್ಲ. ನಮ್ಮ ಸಂಗೀತದ ಜೀವವಾದರೋ ಆ ಜಾರುವಿಕೆಯಲ್ಲಿ, ಗಮಕದಲ್ಲಿ ಇದೆ. ಈ ಆಕ್ಷೇಪದಿಂದಲೇ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು; ಆ ನಿಷೇಧ ಸಡಿಲಾದುದು 1971ರಲ್ಲಿ.

ಪಶ್ಚಿಮದಲ್ಲಿ ಈ ತೊಡಕು ಅಷ್ಟಾಗಿ ಬಾಧಿಸಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಜಾರ್ಜ್ ಗರ್ಶ್ವಿನ್ ತನ್ನ 'ರಾಪ್ಸಡಿ ಇನ್ ಬ್ಲೂ' ಕೃತಿಯಲ್ಲಿ ಜಾಝ್ ಸಂಗೀತವನ್ನೂ ಶಾಸ್ತ್ರೀಯ ವೃಂದವಾದನವನ್ನೂ ಒಂದುಗೂಡಿಸಿ, ಪಿಯಾನೋವನ್ನು ತಾನೇ ನುಡಿಸಿದನು. ಆ ಎರಡು ಸಂಗೀತಗಳೂ ಅದೇ ಹನ್ನೆರಡು ಮನೆಗಳನ್ನೂ ಅದೇ ಸ್ವರಮೇಳದ ಕ್ರಮವನ್ನೂ ಬಲ್ಲವು. ನಮ್ಮ ನಾಡಿನ ಪಿಯಾನೋ ವಾದಕನ ದಾರಿ ಅಷ್ಟು ಸುಗಮವಾಗಿರಲಿಲ್ಲ.

ಆ ವಾದಕರು ಮೈಸೂರಿನ ಜಯಚಾಮರಾಜ ಒಡೆಯರು. 1919ರಲ್ಲಿ ಜನಿಸಿದ ಅವರಿಗೆ ಪಿಯಾನೋ ವಾದಕರಾಗಬೇಕೆಂಬ ಹಂಬಲವಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡುದರಿಂದ, ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನವೇರಬೇಕಾಯಿತು. ವೇದಿಕೆಯ ಕನಸು ಅಲ್ಲಿಗೆ ನಿಂತಿತು, ಸಂಗೀತ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ಸಂದಿತು. ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಂಡುದು ಒಡೆಯರ ಧನಸಹಾಯದಿಂದ. ಅವನು ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಅವರಿಗೇ ಅರ್ಪಿಸಿದ್ದಾನೆ.

ಇಂಥವರು ಸ್ವತಃ ರಚನೆಗೆ ಕೈಯಿಟ್ಟಾಗ ಪೂರ್ವಪಶ್ಚಿಮಗಳ ಬೆರಕೆಯನ್ನು ನಿರೀಕ್ಷಿಸುವುದು ಸಹಜ. ಆದರೆ ಆದುದೇ ಬೇರೆ. 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ ಅವರು ರಚಿಸಿದ 94 ಸಂಸ್ಕೃತ ಕೃತಿಗಳು ಶುದ್ಧ ಕರ್ನಾಟಕ ಪದ್ಧತಿಯವು. ಹಲವು ಅಪೂರ್ವ ರಾಗಗಳಲ್ಲಿವೆ. ಅವುಗಳಲ್ಲಿ ಒಂದೇ ರಾಗರೇಖೆಯುಂಟು, ಪಶ್ಚಿಮದ ಸ್ವರಮೇಳವಿಲ್ಲ. ಮೈಸೂರು ವಾಸುದೇವಾಚಾರ್ಯರ ಸಾನ್ನಿಧ್ಯವೂ ವೆಂಕಟಗಿರಿಯಪ್ಪನವರ ವೀಣೆಯ ಪಾಠವೂ ಆ ಕೃತಿಗಳ ಹಿಂದೆ ಇವೆ. ಪಿಯಾನೋ ಪಿಯಾನೋ ಆಗಿಯೇ, ವೀಣೆ ವೀಣೆಯಾಗಿಯೇ ಉಳಿಯಿತು. ಇದನ್ನು ಸಂಕೋಚವೆಂದು ಭಾವಿಸಬೇಕಾಗಿಲ್ಲ. ಎರಡನ್ನೂ ಆಳವಾಗಿ ಬಲ್ಲವನಿಗೇ ಅವುಗಳ ನಡುವಿನ ಗಡಿ ಸ್ಪಷ್ಟವಾಗಿ ಕಾಣುವುದು.

ಆದರೂ ಗಡಿ ದಾಟುವ ಕಾಲ ಬಂದಿತು; ಅದರ ಬೀಜವೂ ಅದೇ ಅರಮನೆಯಲ್ಲಿತ್ತು. ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗನಾದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಆ ವಾದ್ಯದಲ್ಲಿ ಉಸಿರೂ ತುಟಿಯೂ ಸ್ವರವನ್ನು ಬಾಗಿಸಬಲ್ಲವು. ದೀರ್ಘಕಾಲದ ಸಾಧನೆಯಿಂದ ಅವರು ಅದರಿಂದ ಗಮಕ ಹೊರಡಿಸಿದರು. 1980ರಲ್ಲಿ ಮುಂಬಯಿಯ 'ಜಾಝ್ ಯಾತ್ರಾ' ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಡನೆ ನುಡಿಸಿದರು. 2008ರಲ್ಲಿ ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ರುದ್ರೇಶ್ ಮಹಾಂತಪ್ಪನವರೊಡನೆ 'ಕಿನ್ಸ್‌ಮೆನ್' ಎಂಬ ಮುದ್ರಿಕೆಯಲ್ಲಿ ಜೊತೆಗೂಡಿದರು.

ಪಿಯಾನೋಕ್ಕೂ ತನ್ನ ಸ್ಥಾನ ದೊರೆಯಿತು. 1980ರ ದಶಕದಲ್ಲಿ ಡಾರ್ಜಿಲಿಂಗ್ ಮೂಲದ ಪಿಯಾನೋ ವಾದಕ, ವಾಗ್ಗೇಯಕಾರ ಲೂಯಿ ಬ್ಯಾಂಕ್ಸ್ ಅವರ ಜಾಝ್ ಮೇಳದಲ್ಲಿ ಬೆಂಗಳೂರಿನ ಆರ್. ಎ. ರಮಾಮಣಿಯವರು ಹಾಡಿದರು. ಅಂಥ ಮೇಳದಲ್ಲಿ ಪಿಯಾನೋ ರಾಗವನ್ನು ಹಾಡಹೋಗಬೇಕಾಗಿಲ್ಲ. ಸ್ವರಮೇಳಗಳ ನೆಲವನ್ನು ಅದು ಹಾಸಿಕೊಟ್ಟರೆ ಸಾಕು, ಗಮಕವನ್ನು ಕಂಠವೇ ನೋಡಿಕೊಳ್ಳುತ್ತದೆ.

ಇದೇ ಈ ಚರಿತ್ರೆಯ ಸಾರ. ಎರಡು ಸಂಗೀತಗಳು ಕೂಡಬೇಕಾದರೆ ಒಂದು ಇನ್ನೊಂದರ ವೇಷ ತೊಡಬೇಕಾಗಿಲ್ಲ. ತನ್ನಿಂದ ಆಗದುದನ್ನು ಇನ್ನೊಂದಕ್ಕೆ ಬಿಟ್ಟುಕೊಡಬೇಕು. ವೀಣೆಯ ಕೆಲಸವನ್ನು ಪಿಯಾನೋಗೆ ಹೊರಿಸದ ಒಡೆಯರ ವಿವೇಕ ಬೆರಕೆಗೆ ಅಡ್ಡಿಯಲ್ಲ, ಅದರ ಮೊದಲ ಪಾಠ.