ಹಳೇ ಮ್ಯಾಸಿ ಬ್ರೇಕ್ ಯಾಕ ಹಿಡಿಯಂಗಿಲ್ಲ?



ನಮ್ಮ ಕಮಲಾಪುರ ಕಡೆ ಹಳೇ ಮ್ಯಾಸಿ ಫರ್ಗ್ಯುಸನ್ 35 ಇಟ್ಟವರು ಇನ್ನೂ ಅದಾರ. ಅವರ ಬಾಯಾಗ ಒಂದೇ ಮಾತು: "ಹೊಸ ಲೈನರ್ ಹಾಕ್ಸಿದ್ವಿ, ಎರಡು ತಿಂಗಳಿಗೇ ಒಂದು ಕಡಿ ಬ್ರೇಕ್ ಹೋಯ್ತು." ಇದರ ಕಾರಣ ತಿಳೀಬೇಕಂದ್ರ ಈ ಟ್ರ್ಯಾಕ್ಟರ್ ಯಾವ ಕೆಲಸಕ್ಕ ಹುಟ್ಟಿತು ಅಂತ ನೋಡಬೇಕು.

1917ರಾಗ ಅಮೆರಿಕದ ಹೆನ್ರಿ ಫೋರ್ಡ್ ತಂದ ಫೋರ್ಡ್‌ಸನ್ನಿಗೆ ಗಾಲಿಗೊಂದು ಬ್ರೇಕ್ ಅನ್ನೋದೇ ಇರಲಿಲ್ಲ. ಮುಂದ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟ್ ತಂದ. ಅವನ ಟಿಇ-20 ಟ್ರ್ಯಾಕ್ಟರ್ 1946ರಿಂದ 1956ರ ತನಕ ಇಂಗ್ಲೆಂಡಿನ ಕೊವೆಂಟ್ರಿಯಾಗ 5 ಲಕ್ಷಕ್ಕೂ ಹೆಚ್ಚು ತಯಾರಾದವು. ತೂಕ ಸುಮಾರು 1.1 ಟನ್ ಅಷ್ಟೇ. ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಬ್ರೇಕ್. ಸಾಲಿನ ತುದಿಗೆ ಬಂದಾಗ ಒಂದು ಕಡಿ ಬ್ರೇಕ್ ಒತ್ತಿದರ, ಎತ್ತು ಹೊಳ್ಳಿದಂಗ ಅಲ್ಲೇ ಹೊಳ್ಳತದ. 1953ರಾಗ ಫರ್ಗ್ಯುಸನ್ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತಿ ಕೂಡಿತು, 1956ರಾಗ 35 ಬಂತು. 1960ರಾಗ ಮದ್ರಾಸಿನಾಗ ಟಾಫೆ ಶುರುವಾದ ಮ್ಯಾಲ ಈ ಮನೆತನದ ಟ್ರ್ಯಾಕ್ಟರ್ ನಮ್ಮ ದೇಶದಾಗೇ ತಯಾರಾದವು.

ಹೊಲಕ್ಕಂತ ಹುಟ್ಟಿದ ಇದಕ್ಕ ನಾವು ಟ್ರೇಲರ್ ಕಟ್ಟಿದ್ವಿ. ತೊಗರಿ ಚೀಲ ಹೇರಿ ಕಲಬುರಗಿ ಗಂಜಿಗೆ, ಕಬ್ಬು ಹೇರಿ ಫ್ಯಾಕ್ಟರಿಗೆ ಹೊಂಟ್ವಿ. ಬಹಳ ಟ್ರೇಲರಿಗೆ ತಮ್ಮ ಬ್ರೇಕೇ ಇರಂಗಿಲ್ಲ. ಇಳಿಜಾರಿನಾಗ ಆ ಭಾರ ಎಲ್ಲಾ ಹಿಂದಿನಿಂದ ನೂಕತದ, ತಡಿಯೋದು ಟ್ರ್ಯಾಕ್ಟರಿನ ಎರಡೇ ಡ್ರಮ್.

ಆ ಡ್ರಮ್ ಇರೋದು ಎಕ್ಸೆಲ್ ತುದಿಗೆ, ಗಾಲಿಯ ಒಳಮಗ್ಗಲಿಗೆ. ಎಕ್ಸೆಲ್ ಹೌಸಿಂಗಿನ ಎಣ್ಣಿಗೂ ಬ್ರೇಕಿಗೂ ನಡುವ ಅಡ್ಡ ಇರೋದು ಆಯಿಲ್ ಸೀಲ್. ಗೇರ್, ಡಿಫರೆನ್ಷಿಯಲ್, ಲಿಫ್ಟ್ ಮೂರಕ್ಕೂ ಎಣ್ಣಿ ಒಂದೇ. ಟಿಪ್ಪಿಂಗ್ ಟ್ರೇಲರ್ ಎತ್ತಲಿ ಅಂತ ಗುರುತಿಗಿಂತ ಹೆಚ್ಚು ಎಣ್ಣಿ ಹಾಕಿದರ ಅದು ಎಕ್ಸೆಲ್ ಹೌಸಿಂಗಿಗೆ ನುಗ್ಗತದ. ನಮ್ಮ ಗುಡ್ಡದ ಓರೆ ಹೊಲದಾಗ ಉಳುವಾಗ ತಗ್ಗಿನ ಕಡಿಗೆ ಹರೀತದ. ಗಾಳಿ ಹೋಗೋ ಬ್ರೀದರ್ ಕಟ್ಟಿದ್ದರಂತೂ ಒಳಗಿನ ಒತ್ತಡ ಎಣ್ಣಿಯನ್ನ ಸೀಲ್ ದಾಟಿಸಿ ನೂಕತದ. ಎಣ್ಣಿ ಕುಡಿದ ಲೈನರ್ ಹಿಡಿಯೋದಿಲ್ಲ. ಪೆಟ್ರೋಲಿನಾಗ ತೊಳೆದರೂ ಬಿಸಿಯಾದಾಗ ಒಳಗಿನ ಎಣ್ಣಿ ಮತ್ತ ಮ್ಯಾಲ ಬರ್ತದ.

ಅದಕ್ಕ ರಿಪೇರಿ ಎಕ್ಸೆಲಿನಿಂದ ಶುರು ಮಾಡ್ರಿ. ಮುಂದಿನ ಗಾಲಿಗೆ ಎರಡೂ ಕಡಿ ಕಲ್ಲು ಕೊಟ್ಟು, ಹೌಸಿಂಗ್ ಕೆಳಗ ಜಾಕ್ ಜೊತಿಗೆ ಗಟ್ಟಿ ಮರದ ದಿಮ್ಮಿ ಇಡ್ರಿ. ಬರೀ ಜಾಕ್ ನಂಬಿ ಕೈ ಒಳಗ ಹಾಕಬ್ಯಾಡ್ರಿ. ಎತ್ತಿದ ಗಾಲಿಯನ್ನ ಮ್ಯಾಲ ಕೆಳಗ ಅಲುಗಿಸಿ ನೋಡ್ರಿ. ಆಟ ಹೆಚ್ಚಿದ್ದರ ಬೇರಿಂಗ್ ಸವದದ, ಹೊಸ ಸೀಲ್ ಹಾಕಿದರೂ ಬಾಳಂಗಿಲ್ಲ. ಎಣ್ಣಿ ಇಳಿಸಿ, ಗಾಲಿ, ಡ್ರಮ್ ಬಿಚ್ಚಿ, ಹಾಫ್ ಶಾಫ್ಟ್ ಹೊರಗ ತಗೀರಿ. ಸೀಲ್ ಉಜ್ಜೋ ಜಾಗದಾಗ ಗೀರು ಬಿದ್ದದೇನು ನೋಡ್ರಿ. ಬೇರಿಂಗ್ ಹಿಡಿಯೋ ಕಾಲರ್ ಬಿಗಿಯಾಗಿ ಕೂತಿರ್ತದ. ಅದನ್ನ ಸುತ್ತಿಗೆಯಿಂದ ಬಡಿಯೋ ಬದಲು ಪ್ರೆಸ್ ಇರೋ ಮಿಸ್ತ್ರಿ ಹಂತ್ಯಾಕ ಒಯ್ಯಿರಿ. ತೆಳು ಶಿಮ್ ಎಷ್ಟು ಬಂದಾವೋ ಎಣಿಸಿ ಇಡ್ರಿ.

ಹಳೇ ಲೈನರಿನಾಗ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಪುಪ್ಪುಸಕ್ಕ ವಿಷ. ಗಾಳಿ ಹೊಡಿಯದಂಗ ಹಸಿ ಬಟ್ಟಿಲೆ ಒರೆಸ್ರಿ. ಲೈನರ್ ಎರಡೂ ಕಡಿ ಕೂಡೇ ಬದಲಿಸ್ರಿ. ಒಂದು ಕಡಿ ಹೊಸಾದು, ಒಂದು ಕಡಿ ಹಳೇದು ಇದ್ದರ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ಒಂದು ಮಗ್ಗಲಿಗೆ ಎಳೀತದ. ಮಹೀಂದ್ರಾ ಬಿ-275ಕ್ಕ ಇರೋದು ಡಿಸ್ಕ್ ಬ್ರೇಕ್, ಅದರ ಬಿಚ್ಚೋ ರೀತಿ ಬೇರೆ.

ಕಡೀಗೆ ಒಂದು ಮಾತು. ಎರಡು ಪೆಡಲ್ ಕೂಡಿಸೋ ಕೊಂಡಿ ಹೊಲದಾಗ ಬಿಚ್ಚಿರಲಿ. ರೋಡಿಗೆ ಬರೋ ಮೊದಲು ಹಾಕ್ರಿ. ಓಡೋ ಟ್ರ್ಯಾಕ್ಟರಿಗೆ ಒಂದೇ ಗಾಲಿ ಬ್ರೇಕ್ ಬಿದ್ದರ, ಸಾಲಿನ ತುದಿಗೆ ಹೊಳ್ಳೋದು ಕಲಿತ ಆ ಗಾಡಿ ರೋಡಿನ ಮ್ಯಾಲೂ ಹೊಳ್ಳತದ, ಹಿಂದಿನ ಟ್ರೇಲರ್ ಅದನ್ನ ಕೆಡವ್ತದ. ನಿಮ್ಮ ಮಕ್ಕಳು ಗಾಡಿ ಹತ್ತೋ ಮೊದಲು ಆ ಕೊಂಡಿ ಒಮ್ಮೆ ನೋಡ್ರಿ.