ಆಂಡರ್ಮಾಟ್ಟಿನ ರಕ್ಷಾವನ

ಯೂರೋಪು ಖಂಡದ ಆಲ್ಪ್ಸ್ ಪರ್ವತಶ್ರೇಣಿಯ ನಡುವೆ, ಸ್ವಿಟ್ಸರ್ಲೆಂಡ್ ದೇಶದ ಊರಿ ಎಂಬ ಪ್ರಾಂತದಲ್ಲಿ, ಉರ್ಸೆರೆನ್ ಎಂಬ ಕಣಿವೆಯಿದೆ. ಸಮುದ್ರಮಟ್ಟದಿಂದ ಸುಮಾರು 4,700 ಅಡಿಗಳ ಎತ್ತರದಲ್ಲಿರುವ ಈ ಕಣಿವೆಯ ಮುಖ್ಯ ಗ್ರಾಮವು ಆಂಡರ್ಮಾಟ್. ಇಲ್ಲಿಂದ ದಕ್ಷಿಣಕ್ಕೆ ಏರಿದರೆ ಗೊಟ್ಹಾರ್ಡ್ ಘಟ್ಟದ ದಾರಿ. ಹದಿಮೂರನೆಯ ಶತಮಾನದಿಂದ ಉತ್ತರದ ವರ್ತಕರು ಹೇರುಗಳೊಡನೆ ಇಟಲಿಗೆ ಹೋಗಿಬರುತ್ತಿದ್ದುದು ಈ ಮಾರ್ಗವಾಗಿ. ಈ ದಾರಿಯಿಂದ ಊರಿಗೆ ಜೀವನೋಪಾಯವು ದೊರೆಯಿತು. ಆದರೆ ಊರಿನ ನೆತ್ತಿಯ ಮೇಲೆ ಕಡಿದಾದ ಬೆಟ್ಟಗಳಿದ್ದುವು. ಚಳಿಗಾಲದ ಬಿರುಗಾಳಿಗಳು ಆ ಬೆಟ್ಟಗಳ ಮೇಲೆ ಹೇರಿದ ಹಿಮವು ಒಮ್ಮೊಮ್ಮೆ ರಾಶಿಯಾಗಿ ಕುಸಿದು ಬೀಳುತ್ತಿದ್ದಿತು. ಬದುಕನ್ನು ಕೊಟ್ಟ ನೆಲೆಯೇ ಮೃತ್ಯುವಿನ ನೆಲೆಯೂ ಆಗಬಹುದಾಗಿದ್ದಿತು.

ಊರಿನ ಮೇಲ್ಗಡೆಯ ಗುರ್ಶೆನ್ ಇಳುಕಲಿನಲ್ಲಿ ತ್ರಿಕೋಣಾಕಾರದ ಒಂದು ಸಣ್ಣ ಕಾಡು ಇದೆ. 1397ರಲ್ಲಿ ಈ ಕಣಿವೆಯ ಜನರು ಆ ಕಾಡಿನ ವಿಷಯವಾಗಿ ಒಂದು ಕಟ್ಟುಪತ್ರವನ್ನು ಬರೆದರು. ಅದರಿಂದ ಮರವನ್ನು ಕಡಿದು ಒಯ್ಯುವುದು ನಿಷಿದ್ಧವಾಯಿತು. ಆಲ್ಪ್ಸ್ ಪ್ರದೇಶದಲ್ಲಿ ಇಂತಹ ನಿಷಿದ್ಧವನಗಳು ಬೇರೆ ಕಡೆಗಳಲ್ಲಿಯೂ ಉಂಟು. ಆಂಡರ್ಮಾಟ್ಟಿನದು ಅವುಗಳೊಳಗೆ ಸುಪ್ರಸಿದ್ಧವಾದುದು. ಈ ಕಟ್ಟಳೆಯ ಭಾರವೆಷ್ಟೆಂಬುದನ್ನು ತಿಳಿಯಬೇಕಾದರೆ ಆ ಕಣಿವೆಯ ಸ್ಥಿತಿಯನ್ನು ನೆನೆಯಬೇಕು. ಸುತ್ತಲೂ ಹುಲ್ಲುಗಾವಲೇ ಹೊರತು ಮರಗಳು ವಿರಳ. ತಿಂಗಳುಗಟ್ಟಲೆ ಹಿಮ ಮುಚ್ಚಿರುವ ಊರಿನಲ್ಲಿ ಸೌದೆಯೆಂದರೆ ಪ್ರಾಣಕ್ಕೆ ಸಮಾನವಾದ ವಸ್ತು. ಆ ಸೌದೆಯು ಕಣ್ಣೆದುರಿಗೇ, ಮನೆಯ ಹಿಂದೆಯೇ ಬೆಳೆದು ನಿಂತಿದ್ದರೂ ಅದಕ್ಕೆ ಕೊಡಲಿ ಹಾಕಕೂಡದೆಂದು ಅವರು ತಮಗೆ ತಾವೇ ವಿಧಿಸಿಕೊಂಡರು. ಮುಂದೆ ಬರಬಹುದಾದ ಒಂದು ರಾತ್ರಿಯ ಭಯಕ್ಕಾಗಿ ಪ್ರತಿದಿನದ ಚಳಿಯನ್ನು ಸಹಿಸಿದರು.

ಕಾಡು ಹಿಮವನ್ನು ಹೇಗೆ ತಡೆಯುತ್ತದೆಂಬುದನ್ನು ಶಾಸ್ತ್ರೋಕ್ತವಾಗಿ ವಿವರಿಸಬಲ್ಲವರು ಆ ಕಾಲದಲ್ಲಿ ಇರಲಿಲ್ಲ. ಇಂದು ಅದು ತಿಳಿದಿದೆ. ಬಯಲಾದ ಇಳುಕಲಿನಲ್ಲಿ ಹಿಮವು ಪದರುಪದರಾಗಿ ಕೂಡುವುದು. ಗಾಳಿಯು ಅದನ್ನು ಒಂದೆಡೆಯಿಂದ ಹೊತ್ತು ಮತ್ತೊಂದೆಡೆ ಒಟ್ಟುವುದು. ಕೆಳಗಿನ ಒಂದು ಪದರು ದುರ್ಬಲವಾಗಿದ್ದರೆ ಮೇಲಿನದೆಲ್ಲವೂ ಹಲಗೆಯಂತೆ ಬಿರಿದು ಜಾರುವುದು. ಇಳುಕಲು ಸುಮಾರು ಮೂವತ್ತು ಅಂಶಗಳಿಗಿಂತ ಕಡಿದಾಗಿದ್ದಲ್ಲಿ ಈ ಅಪಾಯವು ಹೆಚ್ಚು. ದಟ್ಟವಾದ ಕಾಡಿನೊಳಗಾದರೋ ಕೊಂಬೆಗಳು ಹಿಮವನ್ನು ತಡೆದು ಸ್ವಲ್ಪಸ್ವಲ್ಪವಾಗಿ ಉದುರಿಸುವುವು. ಪದರುಗಳು ಒಂದೇ ಸಮನಾಗಿ ಕೂಡವು. ಗಾಳಿಯ ಬಲವು ಕುಗ್ಗುವುದು. ಕಾಂಡಗಳು ಗೂಟಗಳಂತೆ ಹಿಮವನ್ನು ಹಿಡಿದು ನಿಲ್ಲಿಸುವುವು. ಹಳ್ಳಿಗರು ಇದನ್ನು ಅನುಭವದಿಂದ ಅರಿತರು. ಕಾರಣವನ್ನು ಶಾಸ್ತ್ರವು ಬಹುಕಾಲದ ಮೇಲೆ ಕಂಡಿತು.

ಅರಿವಿನ ಜೊತೆಗೆ ಭೀತಿಯ ಕಥೆಗಳೂ ಬೆಳೆದುವು. ಜರ್ಮನ್ ಕವಿ ಶಿಲ್ಲರನು 1804ರಲ್ಲಿ ಪ್ರಕಟಿಸಿದ ‘ವಿಲ್ಹೆಲ್ಮ್ ಟೆಲ್’ ನಾಟಕದಲ್ಲಿ ಇಂತಹ ಒಂದು ನಿಷಿದ್ಧವನದ ಪ್ರಸ್ತಾಪವಿದೆ. ಅಲ್ಲಿಯ ಮರಗಳಿಗೆ ಕೊಡಲಿ ತಾಗಿದರೆ ರಕ್ತ ಸುರಿಯುವುದಂತೆ, ನಿಜವೇ ಎಂದು ಬಾಲಕನು ತಂದೆಯನ್ನು ಕೇಳುತ್ತಾನೆ. ಆ ಕಾಡಿಲ್ಲದಿದ್ದರೆ ಊರು ಎಂದೋ ಹಿಮದಡಿಯಲ್ಲಿ ಹೂತುಹೋಗುತ್ತಿದ್ದಿತೆಂದು ತಂದೆಯು ತಿಳಿಸುತ್ತಾನೆ. ಸ್ವಿಟ್ಸರ್ಲೆಂಡನ್ನು ಕಣ್ಣಾರೆ ಕಾಣದಿದ್ದ ಕವಿಗೂ ಈ ಮಾತು ಮುಟ್ಟಿದ್ದಿತು. ಮಗನ ಬಾಯಲ್ಲಿ ನಂಬಿಕೆ, ತಂದೆಯ ಬಾಯಲ್ಲಿ ಯುಕ್ತಿ; ಕಾಡನ್ನು ಕಾಯ್ದುವು ಎರಡೂ.

ಹಳ್ಳಿಯ ಕಟ್ಟಳೆಯು ದೇಶದ ಕಾನೂನಾದುದು 1876ರಲ್ಲಿ. ಆ ವರ್ಷ ಪರ್ವತಪ್ರದೇಶದ ಕಾಡುಗಳನ್ನು ರಕ್ಷಿಸುವ ಶಾಸನವು ಸ್ವಿಟ್ಸರ್ಲೆಂಡಿನಲ್ಲಿ ಜಾರಿಗೆ ಬಂದಿತು. ಅರಣ್ಯಗಳ ಮುಖ್ಯಾಧಿಕಾರಿಯಾಗಿದ್ದ ಯೋಹಾನ್ ಕೋಆಟ್ಸ್ ಎಂಬಾತನು ಹಿಮಕುಸಿತಗಳ ವಿಷಯದಲ್ಲಿ 1881ರಲ್ಲಿ ಒಂದು ಗ್ರಂಥವನ್ನೇ ರಚಿಸಿದನು. 1942ರಲ್ಲಿ ದಾವೋಸ್ ಪಟ್ಟಣದ ಮೇಲಣ ವೈಸ್‌ಫ್ಲೂಯೋಖ್ ಎಂಬಲ್ಲಿ ಹಿಮದ ಸಂಶೋಧನಾಲಯವು ಸ್ಥಾಪಿತವಾಯಿತು. ಮೊದಲು ಸೈನ್ಯದವರು ನೋಡಿಕೊಳ್ಳುತ್ತಿದ್ದ ಅಪಾಯಸೂಚನೆಯ ಕಾರ್ಯವು 1945ರಲ್ಲಿ ಈ ಸಂಸ್ಥೆಗೆ ಬಂದಿತು.

ಇಷ್ಟಾದ ಮೇಲೆಯೇ ಕಠಿಣವಾದ ಪರೀಕ್ಷೆಯೊಂದು ಒದಗಿತು. 1951ರ ಜನವರಿಯಲ್ಲಿ ವಾಯವ್ಯದಿಂದೆದ್ದ ಬಿರುಗಾಳಿಯು ಎಡೆಬಿಡದೆ ಹಿಮವನ್ನು ಸುರಿಸಿತು. 20ನೆಯ ತಾರೀಖು, ಒಂದು ಗಂಟೆಯ ಅವಧಿಯೊಳಗೆ ಆರು ಹಿಮಕುಸಿತಗಳು ಆಂಡರ್ಮಾಟ್ಟಿನ ಮೇಲೆರಗಿದುವು. ಹದಿಮೂರು ಜನರು ಮಡಿದರು. ಮುಂದಿನ ತಿಂಗಳಿನಲ್ಲಿ ಗೊಟ್ಹಾರ್ಡಿನ ಆಚೆಯ ಐರೋಲೋ ಗ್ರಾಮದಲ್ಲಿ ಹತ್ತು ಜನರು ಸತ್ತರು. ಆ ಒಂದು ಚಳಿಗಾಲದಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಹಿಮಕುಸಿತಕ್ಕೆ ಬಲಿಯಾದವರು 98 ಮಂದಿ.

ಹಾಗಾದರೆ ಐದೂವರೆ ಶತಮಾನಗಳ ವ್ರತವು ನಿಷ್ಫಲವಾಯಿತೆ? ಹಾಗೆನ್ನಲಾಗದು. ಕಾಡು ತಾನು ನಿಂತ ನೆಲದ ಹಿಮವನ್ನು ಹಿಡಿಯಬಲ್ಲದು. ಮರಗಳು ಬೆಳೆಯಲಾರದ ಎತ್ತರದಲ್ಲಿ ಬಿರಿದು, ವೇಗವನ್ನು ಪಡೆದು ಇಳಿಯುವ ಮಹಾರಾಶಿಯನ್ನು ತಡೆಯಲಾರದು. ಅಂತಹ ರಾಶಿಯ ಮುಂದೆ ಹೆಮ್ಮರಗಳೂ ಕಡ್ಡಿಗಳಂತೆ ಮುರಿಯುವುವು. ಮರಗಳಿಲ್ಲದ ಉಳಿದ ಇಳುಕಲುಗಳಿಗೆ ಒಂದು ಸಣ್ಣ ವನವು ಕಾವಲಾಗುವುದೂ ಅಸಾಧ್ಯ. 1951 ತೋರಿಸಿಕೊಟ್ಟುದು ಹಿರಿಯರ ತಪ್ಪನ್ನಲ್ಲ. ಅವರು ಆರಂಭಿಸಿದ ಕಾರ್ಯವನ್ನು ಮುಂದುವರಿಸದೆ ಉಳಿದ ಭಾಗವನ್ನು.

ಜನರು ಆ ಉಳಿದ ಭಾಗಕ್ಕೆ ಕೈಹಾಕಿದರು. ಹಿಮವು ಬಿರಿಯುವ ಎತ್ತರಗಳಲ್ಲಿ ಮರದಿಂದಲೂ ಉಕ್ಕಿನಿಂದಲೂ ಸಾಲುಸಾಲಾಗಿ ತಡೆಗಳನ್ನು ನಿಲ್ಲಿಸಿದರು. ಅವುಗಳ ಕೆಳಗೆ ಸಸಿಗಳನ್ನು ನೆಟ್ಟರು. ಅಪಾಯದ ನೆಲಗಳನ್ನು ನಕ್ಷೆಯಲ್ಲಿ ಗುರುತಿಸಿ ಅಲ್ಲಿ ಮನೆ ಕಟ್ಟುವುದನ್ನು ನಿರ್ಬಂಧಿಸಿದರು. 1999ರ ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯವರೆಗೆ ಮೂರು ಬಿರುಗಾಳಿಗಳು ಒಂದರ ಹಿಂದೊಂದು ಬಂದುವು. ಹಿಮದ ಪ್ರಮಾಣವು 1951ಕ್ಕೆ ಸಮನಾಗಿದ್ದು, ಪರ್ವತಗಳಲ್ಲಿ ಜನಸಂಚಾರವು ಹಿಂದಿಗಿಂತ ಬಹಳ ಹೆಚ್ಚಿದ್ದರೂ ಸ್ವಿಟ್ಸರ್ಲೆಂಡಿನಲ್ಲಿ ಆ ದುರಂತಕ್ಕೆ ಸಿಕ್ಕಿದವರು ಹದಿನೇಳು ಮಂದಿ. ಹದಿನೇಳು ಪ್ರಾಣಗಳೂ ಅಲ್ಪವಲ್ಲ. ಆದರೂ ಹಿಂದಿನ ಸಂಖ್ಯೆಯೊಡನೆ ಹೋಲಿಸಿದಾಗ ಉಳಿದುಬಂದ ಮನೆಗಳೆಷ್ಟೆಂಬುದು ಊಹೆಗೆ ನಿಲುಕುವುದು. ಹಿಮಕುಸಿತದ ವಿಷಯದಲ್ಲಿ ಸ್ವಿಟ್ಸರ್ಲೆಂಡ್ ಮತ್ತು ಆಸ್ಟ್ರಿಯಾಗಳ ಜನರು ಪರಂಪರೆಯಾಗಿ ಕಾಯ್ದುಕೊಂಡು ಬಂದ ಜ್ಞಾನವನ್ನು 2018ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಗುರ್ಶೆನ್ ಇಳುಕಲಿನ ಕಾಡು ಇಂದಿಗೂ ಆಂಡರ್ಮಾಟ್ಟಿನ ಮೇಲೆ ನಿಂತಿದೆ. ಆ ಎತ್ತರದಲ್ಲಿ ಮರವು ಬೆಳೆಯುವುದು ಬಹು ನಿಧಾನ. ನೆಟ್ಟವನು ಅದರ ನೆರಳನ್ನು ಕಾಣುವನೆಂಬ ನಿಶ್ಚಯವಿಲ್ಲ. 1397ರಲ್ಲಿ ಕಟ್ಟುಪತ್ರವನ್ನು ಬರೆದವರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಅವರು ಉಳಿಸಿದ ಸೌದೆಯಿಂದ ಅವರ ಒಲೆಗಳು ಉರಿಯಲಿಲ್ಲ. ಅವರ ಮಕ್ಕಳ ಮಕ್ಕಳ ಒಲೆಗಳು ಆರದೆ ಉಳಿದುವು.