ನಮ್ಮ ಕೆಲಸಕ್ಕೆ ಒದಗುವ ಸಣ್ಣ ಕ್ಯಾಮೆರಾ: ಕೊಳ್ಳುವ ಮುನ್ನ ಗಮನಿಸಿ



1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಊರುಗಳ ಕನ್ನಡ ಶಾಸನಗಳು ಇದ್ದಲ್ಲೇ ಉಳಿದವು. ಸುಣ್ಣ, ಬಣ್ಣ ಬಿದ್ದ ಕಲ್ಲಿನಲ್ಲಿ ಅಕ್ಷರ ಮುಚ್ಚಿಹೋಗುತ್ತದೆ. ಓದಲು ಬರುವಾಗಲೇ ಫೋಟೋ ತೆಗೆದಿಡಬೇಕು. ಅದಕ್ಕೂ ಮನೆ, ಸಭೆಗಳಿಗೂ ಆಗುವ ಕ್ಯಾಮೆರಾ ಆರಿಸಲು ಈ ಮಾಹಿತಿ.

ಮೆಗಾಪಿಕ್ಸೆಲ್: ಎ4 ಹಾಳೆಯಷ್ಟು ಸ್ಪಷ್ಟ ಮುದ್ರಣಕ್ಕೆ ಸುಮಾರು 9 ಮೆಗಾಪಿಕ್ಸೆಲ್ ಸಾಕು. 12 ಇದ್ದರೆ ಧಾರಾಳ. ಹೆಚ್ಚಿನ ಸಂಖ್ಯೆಗೆ ಹೆಚ್ಚು ಹಣ ಕೊಡಬೇಡಿ.

ಸೆನ್ಸರ್: ಬೆಳಕು ಹಿಡಿಯುವುದು ಇದೇ. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 1/2.3 ಇಂಚಿನದು ಇರುತ್ತದೆ. '1 ಇಂಚು' ಎನ್ನುವುದರ ವಿಸ್ತೀರ್ಣ ಅದರ ನಾಲ್ಕು ಪಟ್ಟು. ಕತ್ತಲ ಗರ್ಭಗುಡಿಯಲ್ಲಿ, ಚಿಪ್ಪಗಿರಿಯ ವಿಜಯದಾಸರ ಆರಾಧನೆಯ ರಾತ್ರಿ ಭಜನೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸೋನಿ ಆರ್‌ಎಕ್ಸ್100 (2012), ಕ್ಯಾನನ್ ಜಿ7 ಎಕ್ಸ್ (2014) ಈ ಬಗೆಯವು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಬಹುದು.

ಜೂಮ್: 'ಆಪ್ಟಿಕಲ್' ಎಂದು ಬರೆದಿರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಡಿಜಿಟಲ್ ಜೂಮ್ ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ.

ಫೋನ್ ಸಾಕೇ?: ಒಳ್ಳೆಯ ಫೋನ್ ಇರುವವರಿಗೆ ಸಣ್ಣ ಸೆನ್ಸರಿನ ಕ್ಯಾಮೆರಾದಿಂದ ಹೆಚ್ಚಿನ ಲಾಭವಿಲ್ಲ. ದೂರದ ವೇದಿಕೆ ತೆಗೆಯಬೇಕಾದವರು ಮಾತ್ರ ಜೂಮಿಗಾಗಿ ಕೊಳ್ಳಬಹುದು.

ಹಳೆಯದು ಕೊಳ್ಳುವಾಗ: ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ತೀರ ಹಳೆಯ ಮಾದರಿಗಳು 32 ಜಿಬಿ ಮೀರಿದ ಕಾರ್ಡ್ ಓದದಿರಬಹುದು. ಬಿಳಿ ಗೋಡೆಯ ಫೋಟೋ ತೆಗೆದು ಕಪ್ಪು ಚುಕ್ಕೆ ಇವೆಯೇ ನೋಡಿ. ಲೆನ್ಸ್ ಸಲೀಸಾಗಿ ಹೊರಬಂದು ಒಳಹೋಗಬೇಕು. ಆ ಬ್ಯಾಟರಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆಯೇ ವಿಚಾರಿಸಿ.

ಶಾಸನ ತೆಗೆಯುವಾಗ:
1. ಮೊದಲು ಅರ್ಚಕರ ಅಥವಾ ಊರ ಹಿರಿಯರ ಅನುಮತಿ ಕೇಳಿ.
2. ಎದುರಿನಿಂದ ಫ್ಲ್ಯಾಷ್ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲವೇ ಪಕ್ಕದಿಂದ ಹಿಡಿದ ಟಾರ್ಚ್ ಇದ್ದರೆ ಅಕ್ಷರದ ಗೀರಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ.
3. ಕಲ್ಲಿಗೆ ನೇರ ಎದುರು ನಿಂತು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಮೊದಲು ಇಡೀ ಕಲ್ಲು, ಆಮೇಲೆ ಸಾಲುಸಾಲಾಗಿ.
4. ಕೈ ನಡುಗುವವರು ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು 2 ಸೆಕೆಂಡಿನ ಟೈಮರ್ ಹಾಕಿ.
5. ಕಲ್ಲಿಗೆ ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ, ಉಜ್ಜಲೂ ಬೇಡಿ.

ಕ್ಯಾಮೆರಾದ ದಿನಾಂಕ ಸರಿಪಡಿಸಿಕೊಳ್ಳಿ. ಊರು, ಗುಡಿ, ಕಲ್ಲಿರುವ ಜಾಗ ಬರೆಯದ ಫೋಟೋ ನಾಲ್ಕು ವರ್ಷದ ನಂತರ ಯಾವ ಊರಿನದೆಂದು ತಿಳಿಯದು. ಈ ವಿವರದೊಂದಿಗೆ ಒಂದು ಪ್ರತಿಯನ್ನು ಸಂಘಕ್ಕೂ ತಲುಪಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ